ದಾರಿ ಕೇಳುವ ಮಾತು

ಪರಸ್ಥಳಕ್ಕೆ ಹೋದವನು ಮೊದಲು ಆಡಬೇಕಾಗುವ ಮಾತುಗಳು ಎರಡು: "ದಾರಿ ಯಾವುದು? ಎಷ್ಟು ದೂರ?" ಪ್ರಶ್ನೆಗಳೇನೋ ಸಣ್ಣವು. ಆದರೆ ಉತ್ತರವನ್ನು ಅರಿಯಬೇಕಾದರೆ ಆ ನಾಡಿನ ಜನರು ನೆಲವನ್ನು ಹೇಗೆ ಅಳೆಯುತ್ತಾರೆಂಬುದು ತಿಳಿದಿರಬೇಕು.

ಉಡುಪಿ ಜಿಲ್ಲೆಯ ಉಪ್ಪುಂದವನ್ನೇ ನೋಡಬಹುದು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ, ನಡುವೆ ಹೆದ್ದಾರಿ. ಇಂಥ ನೆಲದಲ್ಲಿ ದಿಕ್ಕು ತಪ್ಪುವುದು ಕಷ್ಟ. ಇಲ್ಲಿಯ ಹಿರಿಯರ ಬಾಯಲ್ಲಿ ಮೂಡು, ಪಡು, ಬಡಗು, ತೆಂಕು ಎಂಬ ಮಾತುಗಳು ಸಹಜವಾಗಿ ಬರುತ್ತವೆ. ಸೂರ್ಯನು ಮೂಡುವ ಕಡೆ ಮೂಡು; ಅವನು ಮುಳುಗುವ ಕಡೆ ಪಡು. ಪಡುವರಿ, ಪಡುಕೋಣೆ ಎಂಬ ಆಸುಪಾಸಿನ ಊರುಗಳ ಹೆಸರಿನಲ್ಲಿಯೂ ದಿಕ್ಕು ಅಡಗಿದೆ. ಆದರೆ "ಹ್ವಾಯ್, ಇಲ್ಲೇ ಮೂಡ್ ಬದಿಗ್ ಇತ್ತ್" ಎಂಬ ಉತ್ತರ ಕೇಳಿ ಘಟ್ಟದ ಮೇಲಿನ ಕನ್ನಡಿಗನೂ ತಬ್ಬಿಬ್ಬಾಗಬಹುದು. ಕುಂದಾಪುರ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ'. ಅವನಾದರೋ ಅದನ್ನು ಭೂತಕಾಲವೆಂದು ತಿಳಿದು, "ಹಾಗಾದರೆ ಈಗ ಇಲ್ಲವೇ?" ಎಂದು ಚಿಂತಿಸುತ್ತಾನೆ.

ಕನ್ನಡಿಗನ ಪಾಡೇ ಹೀಗಾದರೆ, ಜರ್ಮನ್ ಮಾತಾಡುವವರ ಪಾಡೇನು? 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗನೂ 1853ರಲ್ಲಿ ಫರ್ಡಿನಾಂಡ್ ಕಿಟೆಲನೂ ಅವರನ್ನು ಸೇರಿಕೊಂಡರು. ಇವರ ನಾಡಿನ ಹಳೆಯ ಮೈಲು ಇಂದಿನ ಸುಮಾರು ಏಳೂವರೆ ಕಿಲೋಮೀಟರು. ಇಂಗ್ಲಿಷರ ಮೈಲು 1.6 ಕಿಲೋಮೀಟರು. ಹೆಸರು ಒಂದೇ; ಅಳತೆಯಲ್ಲಿ ನಾಲ್ಕು ಪಟ್ಟಿಗೂ ಮಿಕ್ಕ ವ್ಯತ್ಯಾಸ! ಕನ್ನಡಿಗರ ಹರದಾರಿ, ಗಾವುದ, ಕೂಗಳತೆಗಳ ಲೆಕ್ಕವೇ ಬೇರೆ. ಆದರೂ ಎರಡು ಭಾಷೆಗಳಿಗೆ ಒಂದು ಹೊಂದಿಕೆಯಿತ್ತು. ಹಳೆಯ ಜರ್ಮನ್ ಭಾಷೆಯಲ್ಲಿ ಪೂರ್ವಕ್ಕೆ 'ಬೆಳಗು' ಎಂದೂ ಪಶ್ಚಿಮಕ್ಕೆ 'ಸಂಜೆ' ಎಂದೂ ಹೆಸರು. ಮೂಡು ಪಡುಗಳನ್ನು ಕಲಿಸಿದ ಸೂರ್ಯನೇ ಅವರಿಗೂ ದಿಕ್ಕನ್ನು ಕಲಿಸಿದ್ದನು. ಕಿಟೆಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಕಾವ್ಯಗಳ ಪದಗಳೊಂದಿಗೆ ಆಡುಮಾತು, ಗಾದೆಗಳೂ ಅದರಲ್ಲಿವೆ. ಜನರನ್ನು ಕೇಳಿ ತಿಳಿಯದೆ ಇಂಥ ಕೃತಿ ಆಗುವಂತಿಲ್ಲ.

ಜರ್ಮನಿಯು 1872ರಿಂದ ಮೆಟ್ರಿಕ್ ಅಳತೆಯನ್ನು ಅನುಸರಿಸಿತು. ಭಾರತವು 1956ರಲ್ಲಿ ಅದಕ್ಕಾಗಿ ಕಾಯಿದೆ ಮಾಡಿತು. ಈಗ ಎರಡೂ ಕಡೆ ಕಿಲೋಮೀಟರು ಒಂದೇ. ಆದರೂ ತೊಡಕು ತೀರಿಲ್ಲ. ಉಪ್ಪುಂದದ ತರುಣನೊಬ್ಬನು ಓದಲು ಜರ್ಮನಿಗೆ ಹೋದನೆಂದು ಭಾವಿಸೋಣ. ಅಲ್ಲಿ ಪಡುವಣ ಕಡಲೂ ಇಲ್ಲ, ಮೂಡಣ ಘಟ್ಟವೂ ಇಲ್ಲ. ಚಳಿಗಾಲದ ಮೋಡದಲ್ಲಿ ಸೂರ್ಯನೂ ಕಾಣನು. ಊರಿಂದ ತಂದ ದಿಕ್ಕುಗಳು ಅಲ್ಲಿ ಕೈಕೊಡುತ್ತವೆ. 'ಲಿಂಕ್ಸ್' ಎಂದರೆ ಎಡ, 'ರೆಷ್ಟ್ಸ್' ಎಂದರೆ ಬಲ, 'ಗೆರಾಡೆ ಔಸ್' ಎಂದರೆ ನೇರ ಎಂಬುದನ್ನು ಅವನು ಹೊಸದಾಗಿ ಕಲಿಯಬೇಕು. "ವೀ ವೈಟ್ ಇಸ್ಟ್ ಎಸ್?" ಎಂದರೆ "ಎಷ್ಟು ದೂರ?" ಇಷ್ಟನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಇಪ್ಪತ್ತೈದನ್ನು ಜರ್ಮನರು 'ಐದು ಮತ್ತು ಇಪ್ಪತ್ತು' ಎನ್ನುತ್ತಾರೆ. ಅವಸರದಲ್ಲಿ ಕೇಳಿದವನಿಗೆ 25 ಎಂಬುದು 52 ಆಗಿಬಿಡುತ್ತದೆ. ರೈಲು ನಿಲ್ಲುವ ಅಂಕಣದ ಸಂಖ್ಯೆಯನ್ನು ಹೀಗೆ ತಿರುಗಿಸಿ ಕೇಳಿಸಿಕೊಂಡರೆ ರಾತ್ರಿಯ ಕಡೆಯ ರೈಲು ಹೊರಟೇ ಹೋದೀತು. ಕೇಳುವ ರೀತಿಯೂ ಮುಖ್ಯವೇ. ನಮ್ಮ 'ನೀನು', 'ನೀವು'ಗಳಂತೆ ಅವರಲ್ಲಿ 'ಡು', 'ಜೀ' ಎಂಬ ಭೇದವಿದೆ. ಅಪರಿಚಿತ ಹಿರಿಯರನ್ನು 'ಜೀ' ಎಂದೇ ಮಾತನಾಡಿಸಬೇಕು.

ಇದಕ್ಕೆ ಒಳ್ಳೆಯ ಉಪಾಯ ಒಂದಿದೆ. ಕೇಳಿದ ಉತ್ತರವನ್ನು ಹೇಳಿದವರ ಎದುರಿನಲ್ಲೇ ಮರಳಿ ಹೇಳುವುದು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಹೀಗೆ ತಿದ್ದಿಸಿಕೊಳ್ಳಲು ನಾಚದವನಿಗೆ ದಾರಿಯೂ ಸಿಗುತ್ತದೆ, ಭಾಷೆಯೂ ಬರುತ್ತದೆ. ದಾರಿ ಕೇಳುವವನು ಆ ಗಳಿಗೆಯಲ್ಲಿ ತನ್ನ ಪಯಣವನ್ನೇ ಪರರ ಮಾತಿಗೆ ಒಪ್ಪಿಸಿರುತ್ತಾನೆ. ಆದುದರಿಂದ ಉತ್ತರ ಹೇಳುವವನ ಹೊಣೆಯೂ ಸಣ್ಣದಲ್ಲ. ಅವನು ನಿಧಾನವಾಗಿ ಹೇಳಬೇಕು. ಬೆರಳು ಮಾಡಿ ತೋರಿಸಬೇಕು. ಬೇಕಾದರೆ ನಾಲ್ಕು ಹೆಜ್ಜೆ ಜೊತೆಗೆ ನಡೆಯಬೇಕು.