ಎರಡನೇ ಸಲದ ಬಿಗಿ

ಮುಂಬೈಯ ಸಸೂನ್ ಡಾಕ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮೀನಿನ ವಾಸನೆ. ನನಗೆ ಮಾತ್ರ ಡೀಸೆಲ್ ವಾಸನೆ! 1875ರ ಈ ಹಳೇ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡ್ತಾ ಮೂವತ್ತು ವರ್ಷದ ಮೇಲಾಯ್ತು. ಹೊನ್ನಾವರದವನು ಅಂದರೆ ಇಲ್ಲಿನ ತಾಂಡೇಲರು ನಗ್ತಾರೆ, "ಅಲ್ಲೂ ಸಮುದ್ರ ಇತ್ತಲ್ಲ, ಇಲ್ಲಿಗ್ಯಾಕೆ ಬಂದೆ?" ಅಂತ.

ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಜಗಳ ಆಡಿದ್ದು ಯಾವುದಕ್ಕೆ ಗೊತ್ತಾ? ದುಡ್ಡಿಗಲ್ಲ. ಹೆಡ್ ಗ್ಯಾಸ್ಕೆಟ್ ಬದಲಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡೋದಕ್ಕೆ.

ಇಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ತೆಳ್ಳನೆ ಹಾಳೆಯೇ ಗ್ಯಾಸ್ಕೆಟ್. ಅದು ಸುಟ್ಟರೆ ನೀರು ಆಯಿಲ್‌ಗೆ ಸೇರಿ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತೆ. ಹೊಸದು ಹಾಕುವಾಗ ಎರಡೂ ಮೈ ಚೊಕ್ಕ ಮಾಡಬೇಕು, ಬೋಲ್ಟಿನ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆ, ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದ ಬಿಗಿ ಮಾಡಬೇಕು. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ತಕರಾರು ಇರೋದು ಆಮೇಲೆ!

2016ರ ಆಗಸ್ಟ್. ಮಳೆಗಾಲದ ನಿಷೇಧ ಮುಗಿದು ಬೋಟುಗಳೆಲ್ಲ ಹೊರಡೋ ಗಡಿಬಿಡಿ. ಒಂದು ಟ್ರಾಲರಿಗೆ ಗ್ಯಾಸ್ಕೆಟ್ ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿದೆ. ಒಂದು ಹನಿ ಸೋರಿಕೆ ಇಲ್ಲ. ಮಾಲೀಕ ಶೇಟ್‌ಗೆ ರಾತ್ರಿಯ ಭರತಕ್ಕೇ ಬೋಟು ಬಿಡಬೇಕು. ಐಸು ತುಂಬಿ ಆಗಿತ್ತು. ನಾನು ಅಂದೆ, "ಇಂಜಿನ್ ಪೂರ್ತಿ ತಣಿಯಲಿ, ಬೆಳಿಗ್ಗೆ ಬಂದು ಬಿಗಿ ಮಾಡ್ತೀನಿ."

"ಅಜೂನ್ ಕಿತಿ ಟೈಟ್ ಕರಣಾರ್?" ಅಂತ ಶೇಟ್ ರೇಗಿದ. ಇನ್ನೂ ಎಷ್ಟು ಬಿಗಿ ಮಾಡ್ತೀಯ ಅಂತ. "ಅಂದ್ರೆ ಇವತ್ತು ಮಾಡಿದ್ದು ಸರಿ ಇಲ್ವಾ?"

ನೋಡಿ, ಅಸಲು ಪ್ರಶ್ನೆ ಇದು. ವಾಪಸ್ ಬರ್ತೀನಿ ಅಂದರೆ ಮಿಸ್ತ್ರಿಯ ಕೈ ಕಚ್ಚಾ ಅಂತ ಜನ ತಿಳಿಯೋದು. ಆ ನಾಚಿಕೆಗೇ ಎಷ್ಟೋ ಹುಡುಗರು ಬರೋದೇ ಇಲ್ಲ.

ನಾನು ಹೇಳಿದೆ, "ಶೇಟ್, ಹೊಸ ಹೊರಸಿಗೆ ನವಾರ ಎಷ್ಟೇ ಬಿಗಿಯಾಗಿ ಹೆಣೆದರೂ ನಾಲ್ಕು ದಿನ ಮಲಗಿದ ಮೇಲೆ ಎಳೆದು ಕಟ್ಟಲ್ವಾ? ಹೆಣೆದವನ ತಪ್ಪಾ ಅದು?" ಬೋಲ್ಟು ತಾನಾಗಿ ತಿರುಗಿ ಸಡಿಲವಾಗಬೇಕಂತಿಲ್ಲ. ಬಿಸಿಗೆ, ಒತ್ತಡಕ್ಕೆ ಗ್ಯಾಸ್ಕೆಟ್ ಕೂದಲೆಳೆಯಷ್ಟು ಕೂತರೂ ಸಾಕು, ಬೋಲ್ಟಿನ ಎಳೆತ ಇಳಿಯುತ್ತೆ.

ಶೇಟ್ ಒಪ್ಪಲಿಲ್ಲ. ಅಷ್ಟರಲ್ಲಿ ತಾಂಡೇಲ ಬಾಯಿ ಬಿಟ್ಟ: "ಬೋಟಲ್ಲಿ ಹೋಗೋರು ನಾವು ಶೇಟ್. ಬೆಳಿಗ್ಗೆ ಹೋಗ್ತೀವಿ." ಅಲ್ಲಿಗೆ ಮಾತು ಮುಗೀತು.

ಬೆಳಿಗ್ಗೆ ಅದೇ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಬೋಲ್ಟನ್ನು ಚೂರು ಸಡಿಲಿಸಿ ಮತ್ತೆ ಲೆಕ್ಕಕ್ಕೆ ತಂದೆ. ಸಡಿಲಿಸದೆ ತಿರುಗಿಸಿದರೆ ಅಂಟಿಕೊಂಡ ಬೋಲ್ಟು ರೆಂಚಿಗೆ ಸುಳ್ಳು ಹೇಳುತ್ತೆ! ನಡುವಿನ ಬೋಲ್ಟುಗಳು ಮೊದಲಿನ ಗುರುತು ದಾಟಿ ಮುಂದೆ ಹೋದವು. ಶೇಟ್ ನೋಡ್ತಾ ನಿಂತಿದ್ದ, ಮಾತಾಡಲಿಲ್ಲ. ಹೆಡ್ ಚೂರು ಕೆಳಗೆ ಕೂತಿರುತ್ತಲ್ಲ, ಹಾಗಾಗಿ ಟ್ಯಾಪೆಟ್ ಸಂದನ್ನೂ ಮತ್ತೆ ಅಳೆದು ಸರಿಮಾಡಿದೆ. ಬೋಟು ಮಧ್ಯಾಹ್ನ ಹೊರಟಿತು.

ಅಂದ ಹಾಗೆ, ಈ ಮಾತು ಎಲ್ಲ ಇಂಜಿನ್ನಿಗೂ ಅಲ್ಲ. ಈಗಿನ ಎಷ್ಟೋ ಇಂಜಿನ್ನುಗಳಲ್ಲಿ ಪದರ ಪದರದ ಸ್ಟೀಲ್ ಗ್ಯಾಸ್ಕೆಟ್, ಒಂದೇ ಸಲ ಹಿಗ್ಗಿಸಿ ಕೂರಿಸುವ ಬೋಲ್ಟು. ಅವನ್ನು ಮತ್ತೆ ಮುಟ್ಟಿದರೆ ಕೆಟ್ಟೇ ಹೋಗುತ್ತೆ. ಬಿಸಿಯಲ್ಲಿ ಬಿಗಿ ಮಾಡೋದಾ, ತಣಿದ ಮೇಲಾ, ಮಾಡಲೇಬಾರದಾ ಅಂತ ಇಂಜಿನ್ನಿನ ಪುಸ್ತಕವೇ ಹೇಳುತ್ತೆ, ಅದನ್ನೇ ಕೇಳಿ.

ಈಗ ನಾನು ರೇಟು ಹೇಳುವಾಗಲೇ ಹೇಳಿಬಿಡ್ತೀನಿ: ಕೂಲಿ ಒಂದೇ, ಬರೋದು ಎರಡು ಸಲ. ಊರಲ್ಲಿ, ಮಲ್ಪೆ, ತದಡಿ ಕಡೆ ನಿಮ್ಮವರ ಬೋಟು ಇದ್ದರೆ ಅವರಿಗೂ ಹೇಳಿ. ಗ್ಯಾಸ್ಕೆಟ್ ಹಾಕಿದ ಮಿಸ್ತ್ರಿಯನ್ನು "ಆಯ್ತಾ?" ಅಂತ ಕೇಳಬೇಡಿ, "ಮತ್ತೆ ಯಾವಾಗ ಬರ್ತೀಯ?" ಅಂತ ಕೇಳಿ.