ಸೊನ್ನೆಯ ಬೆಲೆ

ಅರುವತ್ತು ತುಂಬಿದ ಮೇಲೆ ಮನುಷ್ಯನು ಭಗವದ್ಗೀತೆಯನ್ನು ಹಿಡಿಯಬೇಕೇ ಹೊರತು ಚದುರಂಗದ ಮಣೆಯನ್ನಲ್ಲವೆಂದು ನಮ್ಮ ಮನೆಯಾಕೆಯ ಮತವು. ಆ ಮಾತಿಗೆ ಎದುರಾಡುವ ಧೈರ್ಯವು ನಮಗಿಲ್ಲ. ಆದರೂ ನಲುವತ್ತು ವರ್ಷಗಳ ಹಿಂದೆ ಕೈಬಿಟ್ಟ ಆಟವನ್ನು ನಾವು ಮರಳಿ ಹಿಡಿದ ಬಗೆಯನ್ನು ವಾಚಕಮಹಾಶಯರಲ್ಲಿ ಹೇಳಿಕೊಳ್ಳಬೇಕೆನ್ನಿಸಿದೆ.

ನಮಗೆ ಈ ವಿದ್ಯೆಯನ್ನು ಕಲಿಸಿದವರು ನಮ್ಮ ತೀರ್ಥರೂಪರು. ಬ್ರಹ್ಮಾವರದ ಮನೆಯ ಜಗಲಿಯಲ್ಲಿ, ಮಳೆಗಾಲದ ಸಂಜೆಗಳಲ್ಲಿ ಅವರು ಆಡುತ್ತಿದ್ದುದು ನಾಡಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗತಕ್ಕದ್ದು. ರಾಜನು ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. ಪಂದ್ಯದ ನಿಯಮಗಳನ್ನು ನಾವು ಮುಂದೆ ಪುಸ್ತಕದಿಂದ ಕಲಿತೆವು. 1983ರಲ್ಲಿ, ಕುಂದಾಪುರವು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಒಂದು ಪಂದ್ಯದ ಕಡೆಯ ಆಟಕ್ಕೆ ಕುಳಿತಿದ್ದೆವು. ಎದುರಾಳಿಗೆ ರಾಜ, ಆನೆ ಮತ್ತು ಒಂದು ಕಾಲಾಳು ಉಳಿದಿದ್ದವು. ನಮಗೆ ರಾಜ ಮತ್ತು ಆನೆ ಮಾತ್ರ. ಸೋತೆವೆಂದು ಬಗೆದು ಕೈಕೊಟ್ಟು ಎದ್ದೆವು. ಹಿಂದೆ ನಿಂತು ನೋಡುತ್ತಿದ್ದ ತೀರ್ಥರೂಪರು, "ಎಂತಕ್ ಬಿಟ್ಟೆ ಮಗಾ? ಇನ್ನೂ ಆಡ್ಲಕ್ಕಿತ್ತಲ್ದಾ?" ಎಂದರು. ಈ ಆಟವು ನಿಮಗೆ ತಿಳಿಯದೆಂದು ನಾವು ನಾಲ್ಕು ಜನರ ಮುಂದೆ ಸಿಡುಕಿದೆವು. ಅಂದಿನಿಂದ ಅವರು ನಮ್ಮೊಡನೆ ಮಣೆಯ ಮುಂದೆ ಕೂರಲಿಲ್ಲ, ನಾವೂ ಕರೆಯಲಿಲ್ಲ.

ಕಾಲವು ಕಾದು ನಿಲ್ಲಲಿಲ್ಲ. ಉಡುಪಿ ಜಿಲ್ಲೆಯು ಹುಟ್ಟಿದ 1997ರಲ್ಲಿಯೇ ಡೀಪ್ ಬ್ಲೂ ಎಂಬ ಗಣಕಯಂತ್ರವು ಜಗಜ್ಜೇತನಾದ ಕಾಸ್ಪರೋವನನ್ನು ಸೋಲಿಸಿತು. ಈಗ ಅದಕ್ಕಿಂತಲೂ ಬಲವಾದ ಸ್ಟಾಕ್‌ಫಿಶ್ ಎಂಬುದು ಕಾಸಿನ ಖರ್ಚಿಲ್ಲದೆ ಮೊಬೈಲಿನಲ್ಲಿಯೇ ದೊರೆಯುತ್ತದೆ. ಬೈಂದೂರಿನಲ್ಲಿರುವ ಮಗಳ ಮಗನು ರಜೆಗೆಂದು ಬಂದಾಗ ಅದನ್ನು ನಮಗೆ ತೋರಿಸಿಕೊಟ್ಟನು.

ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ನಡೆಗಳ ಪುಸ್ತಕವನ್ನು ತೆಗೆದು, ಆ ಆಟವನ್ನು ಯಂತ್ರದ ಮುಂದಿಟ್ಟೆವು. ಕಡೆಯ ಸ್ಥಿತಿಯ ಪಕ್ಕದಲ್ಲಿ ಸೊನ್ನೆಯು ಮೂಡಿತು. ಸೊನ್ನೆಯೆಂದರೆ ಯಾರಿಗೂ ಮೇಲುಗೈಯಿಲ್ಲ, ಆಟವು ಸಮವೆಂದರ್ಥ. ಮಣೆಯ ಮೇಲೆ ಒಟ್ಟು ಏಳು ಕಾಯಿಗಳು ಉಳಿಯುವವರೆಗಿನ ಸ್ಥಿತಿಗಳನ್ನು ಗಣಕಗಳು ಪೂರ್ತಿಯಾಗಿ ಬಿಡಿಸಿಟ್ಟಿರುವುದರಿಂದ, ಐದು ಕಾಯಿಗಳ ಈ ತೀರ್ಪಿಗೆ ಮೇಲ್ಮನವಿಯಿಲ್ಲ. ನಮ್ಮ ರಾಜನು ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದನು. ಆನೆಯನ್ನು ನಮ್ಮ ಕಡೆಯಿಂದ ಮೂರನೆಯ ಸಾಲಿನಲ್ಲಿಟ್ಟು ವೈರಿರಾಜನನ್ನು ತಡೆದಿದ್ದರೆ, ಕಾಲಾಳು ಆ ಸಾಲಿಗೆ ಬಂದೊಡನೆ ಆನೆಯನ್ನು ದೂರದ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತ ಹೋಗಿದ್ದರೆ, ಅಷ್ಟೇ ಸಾಕಾಗಿತ್ತು. ಫ್ರಾನ್ಸಿನ ಫಿಲಿಡೋರ್ ಎಂಬ ಸಂಗೀತಗಾರನು 18ನೆಯ ಶತಮಾನದಲ್ಲಿಯೇ ಇದನ್ನು ಬರೆದಿಟ್ಟಿದ್ದನು.

ತೀರ್ಥರೂಪರು ಫಿಲಿಡೋರನ ಹೆಸರನ್ನು ಕೇಳಿದವರಲ್ಲ. ಆದರೆ ಮಣೆಯ ಮೇಲೆ ಇನ್ನೂ ಉಸಿರಿದ್ದುದನ್ನು ಅವರು ಕಂಡಿದ್ದರು. ನಿಮ್ಮ ಮಾತೇ ಸರಿಯಾಗಿತ್ತೆಂದು ಹೇಳೋಣವೆಂದರೆ ಅವರು ಈಗ ಇಲ್ಲ.

ಕಳೆದ ವರ್ಷ ಕುಂದಾಪುರದ ಪಂದ್ಯವೊಂದಕ್ಕೆ ಹೆಸರು ಕೊಟ್ಟೆವು. ಏಳು ಆಟಗಳಲ್ಲಿ ನಾಲ್ಕನ್ನು ಸೋತೆವು. ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮನ್ನು ಸೋಲಿಸಿ, ಕೈಕುಲುಕಿ, "ಅಜ್ಜಯ್ಯಾ, ಚಂದ ಆಡಿದ್ರಿ" ಎಂದಳು. ಇನ್ನೊಂದು ಆಟದಲ್ಲಿ ಕಾಲಾಳೊಂದನ್ನು ಕಳಕೊಂಡಾಗ ಎದ್ದುಬಿಡೋಣವೆಂಬ ಹಳೆಯ ಚಟವು ತಲೆಯೆತ್ತಿತು. ಜಗಲಿಯ ದನಿಯು ನೆನಪಾಯಿತು, ಕುಳಿತೆವು. ಎಪ್ಪತ್ತೊಂದನೆಯ ನಡೆಯಲ್ಲಿ ಸೋತೆವಾದರೂ ಮನಸ್ಸಿಗೆ ಭಾರವಾಗಲಿಲ್ಲ.

ಪಂದ್ಯದ ಅಂಗಳದೊಳಗೆ ಮೊಬೈಲಿಗೆ ಪ್ರವೇಶವಿಲ್ಲ. ಮನೆಯಲ್ಲಿಯೂ ನಾವೊಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಎಲ್ಲಿ ತಪ್ಪಿತೆಂಬುದನ್ನು ಮೊದಲು ಕಾಗದದ ಮೇಲೆ ನಾವೇ ಬರೆಯಬೇಕು. ಆ ಬಳಿಕವೇ ಯಂತ್ರವನ್ನು ಕೇಳಬೇಕು. ಯಾವ ನಡೆಯು ತಪ್ಪೆಂಬುದನ್ನು ಅದು ಹೇಳೀತು. ಆ ನಡೆಗೆ ಕೈಯು ಏಕೆ ಹೋಯಿತೆಂಬುದನ್ನು ಹೇಳಲಾರದು. ಅವಸರ, ಬೇಸರ, ಅಹಂಕಾರಗಳ ಲೆಕ್ಕವನ್ನು ನಾವೇ ಬರೆಯತಕ್ಕದ್ದು.

ಈಗಲೂ ಸಂಜೆಯ ಹೊತ್ತು ಜಗಲಿಯಲ್ಲಿ ಮಣೆಯನ್ನು ಹಾಸುತ್ತೇವೆ. ಮೊಮ್ಮಗನು ಹಿಂದೆ ನಿಂತು ನಡುವೆ ಬಾಯಿ ಹಾಕಿದರೆ ಸಿಡುಕುವುದಿಲ್ಲ. ಕಾಯಿಯತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಅವನು ಹೇಳುವುದನ್ನು ಕೇಳುತ್ತೇವೆ.