ಮುಚ್ಚಿಗೆ

ನಮ್ಮ ಮಲೆನಾಡಿನ ಕಡೆ ಹಂಚಿನ ಮಾಡಿನ ಕೆಳಗೆ, ತಲೆ ಮೇಲೆ ಹಾಸುವ ಮರದ ಹಲಗೆಗೆ ಮುಚ್ಚಿಗೆ ಅಂತಾರೆ. ಬೆಂಗಳೂರಿನ ಗೆಳೆಯರಿಗೆ ಹೇಳುವಾಗ ‘ಫಾಲ್ಸ್ ಸೀಲಿಂಗ್ ಥರ’ ಅಂದುಬಿಡ್ತೀನಿ. ಆದ್ರೆ ಅದು ಫಾಲ್ಸ್ ಅಲ್ಲವೇ ಅಲ್ಲ :-) ಹಂಚಿನ ಸಂದಿಯಿಂದ ಬೀಳುವ ಧೂಳು, ಇಲಿ ಪಿಕ್ಕೆ, ಮಳೆಗಾಲದ ಎರಚಲು, ಬೇಸಿಗೆಯ ಕಾವು ಎಲ್ಲಾ ತಡೆಯೋದು ಅದೇ.

ನಮ್ಮನೆಯಲ್ಲಿ ನಡುಮನೆಗೆ ಮಾತ್ರ ಮುಚ್ಚಿಗೆ ಇತ್ತು. ಅಪ್ಪ-ಅಮ್ಮ ಮಲಗುವ ಕೋಣೆಗೆ ಇರಲಿಲ್ಲ. ಎರಡು ಮಳೆಗಾಲದ ಹಿಂದೆ ಗಾಳಿಗೆ ಹಿತ್ತಿಲ ಹಲಸಿನ ಮರ ಬಿತ್ತು. ಅಪ್ಪ ಅದನ್ನ ಮಿಲ್ಲಿಗೆ ಸಾಗಿಸಿ ಮುಕ್ಕಾಲು ಇಂಚು ದಪ್ಪದ ಹಲಗೆ ಕುಯ್ಸಿ, ನಡುನಡುವೆ ರೀಪು ಇಟ್ಟು ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿದ್ರು. ಗಾಳಿಯಾಡಿ ನಿಧಾನಕ್ಕೆ ಒಣಗದಿದ್ರೆ ಹಲಗೆ ಡೊಂಕಾಗ್ತದೆ.

ಈ ಏಪ್ರಿಲ್ಲಲ್ಲಿ ರಜೆ ಹಾಕಿ ಊರಿಗೆ ಹೋದೆ. ಆಚಾರ್ರು ಕೆಲಸ ಶುರು ಮಾಡಿದ ದಿನವೇ ಅಮ್ಮನ ತಕರಾರು.

“ಇಬ್ರು ಮುದುಕರು ಇರೋ ಮನೆಗೆ ಇಷ್ಟು ಖರ್ಚು ಯಾಕೆ? ನಾಳೆ ನೀನೇನು ಇಲ್ಲಿ ಬಂದು ಇರ್ತೀಯ?”

ಅಪ್ಪ ಎಲೆಅಡಿಕೆ ತಟ್ಟೆ ಹತ್ರ ಎಳ್ಕೊಂಡ್ರು. ನಾನು ಹಲಗೆ ಹೊರೋಕೆ ಹೋದೆ..

ಹಲಗೆಯ ಒಂದು ಅಂಚಿಗೆ ಉದ್ದಕ್ಕೂ ಸೀಳು, ಇನ್ನೊಂದು ಅಂಚಿಗೆ ಪಕ್ಕದ ಹಲಗೆಯ ಸೀಳಿನೊಳಗೆ ಕೂರುವ ನಾಲಿಗೆ. ಮೊಳೆ ಹೊಡೆಯೋದು ನಾಲಿಗೆ ಇರುವ ಕಡೆ ಮಾತ್ರ. ಎರಡೂ ಕಡೆ ಬಿಗಿದ್ರೆ ಹಲಗೆ ಸೀಳಿಬಿಡ್ತದೆ. ಹುಳ ಹಿಡಿಯದಿರಲಿ ಅಂತ ಮೇಲ್ಮೈಗೆ ಗೇರೆಣ್ಣೆ ಬಳಿದ್ರು. “ಕೈಗೆ ತಾಗಿಸ್ಕೋಬೇಡ ತಮ್ಮಾ, ಬೊಕ್ಕೆ ಏಳ್ತದೆ” ಅಂತ ನನ್ನನ್ನ ದೂರ ಕೂರಿಸಿದ್ರು.

ಆಮೇಲೆ ಆಚಾರ್ರು ಜೇಬಿಂದ ಒಂದು ರೂಪಾಯಿ ನಾಣ್ಯ ತೆಗೆದು, ಪ್ರತಿ ಎರಡು ಹಲಗೆಯ ನಡುವೆ ತೂರಿಸಿ, ಅಷ್ಟೇ ಸಂದಿ ಬಿಟ್ಟು ಮೊಳೆ ಹೊಡೆಯೋಕೆ ಶುರು ಮಾಡಿದ್ರು. ಬೇಸಿಗೆಯಲ್ಲಿ ಒಣಗಿರುವ ಮರ ಮಳೆಗಾಲದ ತೇವ ಹೀರಿ ಹಿಗ್ಗುತ್ತೆ. ಹಿಗ್ಗೋದು ಅಗಲಕ್ಕೆ, ಉದ್ದಕ್ಕೆ ಏನೂ ಇಲ್ಲ ಅನ್ನೋವಷ್ಟು ಕಮ್ಮಿ. ನಮ್ಮ ಕೋಣೆ ಹನ್ನೆರಡು ಅಡಿ ಅಗಲ, ಹಲಗೆ ಅರ್ಧ ಅಡಿ. ಒಟ್ಟು 24 ಹಲಗೆ. ಒಂದೊಂದೂ ಒಂದೂವರೆ ಮಿಲಿಮೀಟರ್ ಹಿಗ್ಗಿದ್ರೂ ಒಟ್ಟಿಗೆ 36 ಮಿಲಿಮೀಟರ್, ಹತ್ರ ಹತ್ರ ಒಂದೂವರೆ ಇಂಚು! ಜಾಗ ಇಲ್ಲದಿದ್ರೆ ಮುಚ್ಚಿಗೆ ಉಬ್ಬಿ ಏಳ್ತದೆ. ಕಾಗದ, ಕ್ಯಾಲ್ಕುಲೇಟರ್ ಏನೂ ಇಲ್ಲದೆ ಆ ಲೆಕ್ಕವೆಲ್ಲ ಅವರ ಒಂದು ರೂಪಾಯಿಯಲ್ಲಿತ್ತು. ಅವರ ಮಗ ಬೆಂಗಳೂರಲ್ಲಿ ಮಾಡ್ಯುಲರ್ ಕಿಚನ್ ಜೋಡಿಸ್ತಾನಂತೆ.

“ಎಷ್ಟು ವರ್ಷ ಬಾಳಿಕೆ ಬರ್ತದೆ ಆಚಾರ್ರೇ?” ಅಂದೆ.

“ಮಾಡು ಸೋರದ ಹಾಗೆ ನೋಡ್ಕೊಳ್ಳೋರು ಇದ್ರೆ ಅರವತ್ತು ವರ್ಷಕ್ಕೆ ತೊಂದ್ರೆ ಇಲ್ಲ.”

ಮನಸ್ಸಲ್ಲೇ ಕೂಡಿಸಿದೆ. ಆಗ ನನಗೆ 88. ಅವರು ಹೇಳಿದ ‘ನೋಡ್ಕೊಳ್ಳೋರು’ ಅನ್ನೋದೊಂದು ಮಾತು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಆರು ದಿನಕ್ಕೆ ಕೆಲಸ ಮುಗೀತು. ಹೊಸ ಹಲಸಿನ ಹಲಗೆಯ ಹಳದಿಗೆ ಕೋಣೆಯೆಲ್ಲ ಬೆಳಕಾದ ಹಾಗಿತ್ತು. ವರ್ಷ ಕಳೆದಂತೆ ಅದೂ ನಡುಮನೆಯ ಹಾಗೆ ಕಂದಾಗ್ತದೆ. ಬೇಡ ಅಂದಿದ್ದ ಅಮ್ಮನೇ ನೆರೆಮನೆಯವರನ್ನ ಕರ್ಕೊಂಡು ಬಂದು ತೋರಿಸಿದ್ಲು :-) ಐದು ಹಲಗೆ ಉಳಿದಿದ್ವು. ಕಟ್ಟಿಗೆಗಾಯ್ತು ಅಂತ ನಾನಂದ್ರೆ ಅಪ್ಪ ಒಪ್ಪಲಿಲ್ಲ. ಒರೆಸಿ ಅಟ್ಟಕ್ಕೆ ಹಾಕಿದ್ರು.

“ಮುಂದೆ ಯಾವಾಗಾದ್ರೂ ಒಂದೆರಡು ಬದಲಾಯಿಸಬೇಕಾದ್ರೆ ನಿಂಗೆ ಬೇಕಾಗ್ತದೆ” ಅಂದ್ರು.

ನಾನು ಹೂಂ ಅಂದೆ.